ಮುಯ್ಯಿ ಲೈಕಿನಿಂದ ಓದುಗರು ಹುಟ್ಟೋದಿಲ್ಲ

(ದಾವಣಗೆರೆಯಲ್ಲಿ ಹೊಸ ಬರಹಗಾರರ ಕೂಟವೊಂದರಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸರಿಮಾಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ದಾವಣಗೆರೆಯಲ್ಲಿ ಬೆಣ್ಣೆದೋಸೆ ಬಿಟ್ಟು ಭಾಷಣ ಕೇಳೋಕೆ ಇಷ್ಟು ಜನ ಬಂದಿದ್ದೀರಿ. ಅಥವಾ ತಿಂದೇ ಬಂದಿರಬಹುದು, ಮುಂದಿನ ಸಾಲಿನವರ ಕಣ್ಣು ನೋಡಿದರೆ ಹಾಗೇ ಅನ್ನಿಸುತ್ತದೆ. ಹರಿಹರ, ಜಗಳೂರು, ಚನ್ನಗಿರಿಯವರು ಇದ್ದೀರಿ. ದುರ್ಗದ ಕಡೆಯಿಂದ, ಹೊಳಲ್ಕೆರೆ, ಚಳ್ಳಕೆರೆಯಿಂದಲೂ ಬಸ್ಸು ಹತ್ತಿ ಬಂದಿದ್ದೀರಿ. ಸಂತೋಷ.

ಸಂಘಟಕರು ಫೋನಿನಲ್ಲಿ ನನಗೆ ಹೇಳಿದ್ದು, "ಮೇಡಂ, ಫೇಸ್‌ಬುಕ್, ಪ್ರತಿಲಿಪಿ, ವಾಟ್ಸಾಪಲ್ಲಿ ಓದುಗರನ್ನ ಹೆಚ್ಚು ಮಾಡ್ಕೊಳ್ಳೋ ಟ್ರಿಕ್ಸ್ ಹೇಳ್ರಿ ಸಾಕು" ಅಂತ. ಒಂದೆರಡು ಟ್ರಿಕ್ಸ್ ಹೇಳುತ್ತೇನೆ, ಅದಕ್ಕೆ ಐದು ನಿಮಿಷ ಸಾಕು. ಉಳಿದ ಹೊತ್ತೆಲ್ಲ ಇನ್ನೊಂದು ವಿಷಯಕ್ಕೆ. ನಮ್ಮ ಜತೆ ಬರೆಯುತ್ತಿರುವ ಬೇರೆ ಬರಹಗಾರರ ಜತೆ ನಾವು ಹೇಗಿದ್ದೇವೆ ಅನ್ನೋದು. ನಮಗೆ ಓದುಗರು ಸಿಗೋದೂ ಸಿಗದೇ ಇರೋದೂ ಬಹಳಮಟ್ಟಿಗೆ ಅಲ್ಲೇ ತೀರ್ಮಾನವಾಗುತ್ತದೆ ಅಂತ ನನ್ನ ಲೆಕ್ಕ.

ನಿಮ್ಮಲ್ಲಿ ಬಹಳ ಜನ ಯಾವುದಾದರೂ ಕವಿ ಬಳಗದ ವಾಟ್ಸಾಪ್ ಗುಂಪಿನಲ್ಲಿ ಇದ್ದೇ ಇರುತ್ತೀರಿ. ಒಂದರಲ್ಲಲ್ಲ, ನಾಲ್ಕೈದರಲ್ಲಿ. ಬೆಳಗ್ಗೆ ಐದೂವರೆಗೆ ಒಬ್ಬರು ಶುಭೋದಯದ ಜತೆ ಒಂದು ಚುಟುಕು ಹಾಕುತ್ತಾರೆ. ಅದರ ಹಿಂದೆಯೇ ಸೂರ್ಯೋದಯದ ಚಿತ್ರ, ಅದರ ಹಿಂದೆ ಇನ್ನೊಬ್ಬರ ಗಜಲ್. ಎಂಟು ಗಂಟೆಗೆ ಅಡ್ಮಿನ್ ಬಂದು ಇವತ್ತಿನ ದತ್ತಪದ ಕೊಡುತ್ತಾರೆ. 'ಮುಂಗಾರು' ಅಂತಿಟ್ಟುಕೊಳ್ಳಿ. ಮಧ್ಯಾಹ್ನದ ಹೊತ್ತಿಗೆ ಮೂವತ್ತು ಮುಂಗಾರು ಕವನ ಬಂದು ಬಿದ್ದಿರುತ್ತವೆ. ಎಲ್ಲದರ ಕೆಳಗೂ ಚಪ್ಪಾಳೆ, ಕೈಮುಗಿದ ಚಿತ್ರ, "ಸೊಗಸಾಗಿದೆ ಸರ್", "ಭಾವಪೂರ್ಣ ಮೇಡಂ". ರಾತ್ರಿ ಹತ್ತಕ್ಕೆ ಫೋಟೋ ಹಾಕಿದ ಅಭಿನಂದನಾ ಪತ್ರ. ಅದನ್ನು ನಾವು ಸ್ಟೇಟಸ್ಸಿಗೆ ಹಾಕುತ್ತೇವೆ. ಮನೆಯವರು ನೋಡುತ್ತಾರೆ, ಆಫೀಸಿನವರು ನೋಡುತ್ತಾರೆ. ಪತ್ರ ನೋಡುತ್ತಾರೆ. ಕವನ ಯಾರೂ ಓದಿರುವುದಿಲ್ಲ.

ಇದನ್ನು ಗೇಲಿ ಮಾಡೋಕೆ ಹೇಳುತ್ತಿಲ್ಲ. ದಿನಾ ಬರೆಯುವ ರೂಢಿ ಈ ಗುಂಪುಗಳಿಂದ ಎಷ್ಟೋ ಜನಕ್ಕೆ ಬಂದಿದೆ. ಮನೆಗೆಲಸ ಮುಗಿಸಿ ಅಡುಗೆಮನೆ ಕಟ್ಟೆ ಮೇಲೆ ಮೊಬೈಲಿಟ್ಟುಕೊಂಡು ಬರೆಯೋಕೆ ಶುರುಮಾಡಿ, ಈಗ ಒಳ್ಳೆ ಕಥೆ ಬರೆಯುತ್ತಿರುವ ಹೆಣ್ಣುಮಕ್ಕಳು ನನಗೆ ಗೊತ್ತು. ಆದರೆ ಆ ಗುಂಪಿನಿಂದ ಓದುಗರು ಸಿಕ್ಕರಾ ಅಂತ ಕೇಳಿದರೆ ಅವರೇ ನಗುತ್ತಾರೆ. ಅಲ್ಲಿರುವವರೆಲ್ಲ ತಮ್ಮ ಕವನ ಹಾಕೋಕೆ ಬಂದವರು. ಎಲ್ಲರೂ ಅಂಗಡಿ ಇಟ್ಟಿದ್ದಾರೆ, ಕೊಳ್ಳೋಕೆ ಯಾರೂ ಬಂದಿಲ್ಲ. ಸಂಕಲನದ ಕಥೆಯೂ ಅದೇ. ಐವತ್ತು ಕವಿಗಳು ಇಷ್ಟಿಷ್ಟು ದುಡ್ಡು ಹಾಕಿ ಪುಸ್ತಕ ತರುತ್ತಾರೆ. ತಲಾ ಹತ್ತು ಪ್ರತಿ ಮನೆಗೆ ಬರುತ್ತದೆ. ನಮ್ಮ ಪುಟ ತೆಗೆದು ನೋಡಿ, ಅಚ್ಚಿನ ತಪ್ಪು ಹುಡುಕಿ, ಬೇಜಾರು ಮಾಡಿಕೊಂಡು ಬೀರುವಿಗೆ ಸೇರಿಸುತ್ತೇವೆ.

ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಬರೆಸುತ್ತಾರಲ್ಲ, ಇದು ಅದೇ ಲೆಕ್ಕ. ಚಪ್ಪರದ ಮೂಲೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಇಂಥವರು 101, ಇಂಥವರು 501. ನಾಳೆ ಅವರ ಮನೆಯಲ್ಲಿ ಕಾರ್ಯ ಬಂದಾಗ ನೋಟ್‌ಬುಕ್ ತೆಗೆದು ನೋಡಿ, ಅಷ್ಟನ್ನೇ ಇಲ್ಲವೇ ಸ್ವಲ್ಪ ಸೇರಿಸಿ ಮಾಡಿ ಬರುತ್ತೇವೆ. ಮದುವೆಗೆ ಅದು ಬಹಳ ಒಳ್ಳೆಯ ಪದ್ಧತಿ, ಖರ್ಚಿಗೆ ಆಸರೆಯಾಗುತ್ತದೆ. ಬರವಣಿಗೆಯಲ್ಲಿ ಅದೇ ದುಡ್ಡು ಅದೇ ನಾಲ್ಕು ಮನೆ ಸುತ್ತುತ್ತದೆ, ಐದನೇ ಮನೆಯವರು ಬರುವುದೇ ಇಲ್ಲ. "ಅವರು ನನ್ನ ಮೂರು ಪೋಸ್ಟಿಗೆ ಲೈಕ್ ಒತ್ತಿಲ್ಲ, ನಾನ್ಯಾಕೆ ಒತ್ತಲಿ" ಅಂತ ಮನಸ್ಸಿನಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡಿರುತ್ತೇವಲ್ಲ, ನಿಜ ಹೇಳಿ?

ಇದು ಬರೀ ನೀತಿಯ ಮಾತಲ್ಲ, ಯಂತ್ರದ ವಿಷಯವೂ ಹೌದು. 2017ರ ಡಿಸೆಂಬರ್‌ನಲ್ಲಿ ಫೇಸ್‌ಬುಕ್ ಒಂದು ಪ್ರಕಟಣೆ ಹೊರಡಿಸಿತು. 'ಇಷ್ಟವಾದರೆ ಲೈಕ್ ಮಾಡಿ, ಗೆಳೆಯರನ್ನು ಟ್ಯಾಗ್ ಮಾಡಿ, ಶೇರ್ ಮಾಡಿ' ಅಂತ ಕೇಳಿಕೊಳ್ಳುವ ಪೋಸ್ಟ್‌ಗಳನ್ನು ಕೆಳಗೆ ತಳ್ಳುತ್ತೇವೆ ಅಂತ. ಮುಂದಿನ ತಿಂಗಳು, 2018ರ ಜನವರಿಯಲ್ಲಿ, ಜನ ಒಬ್ಬರಿಗೊಬ್ಬರು ಮಾತಾಡಿಕೊಳ್ಳುವಂಥ ಪೋಸ್ಟ್‌ಗಳನ್ನು ಮೇಲೆ ತೋರಿಸುತ್ತೇವೆ ಅಂದರು. ಆಮೇಲೆ ಎಷ್ಟೋ ಸಲ ಬದಲಾಯಿಸಿದ್ದಾರೆ, ಇನ್ನೂ ಬದಲಾಯಿಸುತ್ತಾರೆ. ಅದರ ಬೆನ್ನು ಹತ್ತಿ ಹೋಗಿ ಪ್ರಯೋಜನವಿಲ್ಲ. ಆದರೆ ಇಷ್ಟು ಮಾತ್ರ ಗೊತ್ತಿರಲಿ. ಐವತ್ತು ಜನರನ್ನು ಟ್ಯಾಗ್ ಮಾಡಿ ಕವನ ಹಾಕಿದರೆ ಐವತ್ತು ಜನಕ್ಕೆ ಕಿರಿಕಿರಿ. ಅವರಲ್ಲಿ ಹತ್ತು ಜನ ನಿಮ್ಮನ್ನು ಮ್ಯೂಟ್ ಮಾಡಿರುತ್ತಾರೆ, ನಿಮಗೆ ಗೊತ್ತೇ ಆಗುವುದಿಲ್ಲ.

ಹಾಗಾದರೆ ಬರಹಗಾರರ ಸಹವಾಸವೇ ಬೇಡವಾ? ಬೇಕು. ಅವರಿಲ್ಲದೆ ಕನ್ನಡದಲ್ಲಿ ಯಾರೂ ಓದುಗರನ್ನು ಕಂಡುಕೊಂಡಿದ್ದಿಲ್ಲ.

ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪು ಅಂತ 1922ರಲ್ಲಿ ಶುರುವಾಯಿತು. ಅಲ್ಲಿ ಒಬ್ಬರ ಬರಹ ಒಬ್ಬರು ಕೇಳಿ, ಜಗಳ ಆಡಿ, ತಿದ್ದಿದರು. ಅಷ್ಟಕ್ಕೇ ನಿಲ್ಲಿಸದೆ ಪತ್ರಿಕೆ, ನಾಡಹಬ್ಬ ಅಂತ ಗುಂಪಿನ ಆಚೆ ಇರುವ ಜನರ ಹತ್ತಿರ ಹೋದರು. 1933ರಲ್ಲಿ ಅದೇ ಊರಿನಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಅನ್ನುವ ಪ್ರಕಾಶನ ತೆಗೆದಾಗ ಪುಸ್ತಕಗಳನ್ನು ಉಳಿಸಿದ್ದು ಚಂದಾದಾರರು. ಅದಕ್ಕೂ ಹಿಂದೆ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕ ತಾವೇ ಹೊತ್ತು ಊರೂರು ತಿರುಗಿದ್ದು ನಿಮಗೆಲ್ಲ ಗೊತ್ತು. ಹೊರುವ ಭಾರ ಈಗಿಲ್ಲ, ತಿರುಗುವ ಕೆಲಸ ತಪ್ಪಿಲ್ಲ.

ನಮ್ಮ ಕಡೆಯವರ ಮಾತಿಗೆ ಬರೋಣ. ಚಳ್ಳಕೆರೆ ತಾಲ್ಲೂಕಿನ ತಳುಕು. ಚಳ್ಳಕೆರೆಯಿಂದ ಬಂದವರಿಗೆ ನಾನು ಹೇಳಬೇಕಿಲ್ಲ. ಟಿ.ಎಸ್. ವೆಂಕಣ್ಣಯ್ಯನವರು ಆ ಊರಿನವರು, 1885ರಲ್ಲಿ ಹುಟ್ಟಿ 1939ರಲ್ಲಿ ತೀರಿಕೊಂಡರು. ಅವರು ಸ್ವಂತ ಬರೆದದ್ದು ಅಂಥ ಹೆಚ್ಚೇನಲ್ಲ. ಆದರೆ ಆ ಕಾಲದ ದೊಡ್ಡ ಬರಹಗಾರರ ಹಿಂದೆ ನೋಡಿದರೆ ಇವರು ನಿಂತಿರುತ್ತಾರೆ. ಕುವೆಂಪು ತಮ್ಮ ಮಹಾಕಾವ್ಯ 'ಶ್ರೀ ರಾಮಾಯಣ ದರ್ಶನಂ' ಅರ್ಪಿಸಿದ್ದು ತಮ್ಮ ಗುರುಗಳಾದ ಇವರಿಗೆ. ಅದು ಅಚ್ಚಾಗಿದ್ದು 1949ರಲ್ಲಿ. ಗುರುಗಳು ಹೋಗಿ ಹತ್ತು ವರ್ಷವಾಗಿತ್ತು. ಆದರೂ ಎದುರಿಗೆ ಕೂತವರ ಜತೆ ಮಾತಾಡಿದ ಹಾಗೆ, 'ಮುಗಿಸಿ ತಂದಿದ್ದೇನೆ' ಅನ್ನುವ ಧಾಟಿಯಲ್ಲಿ ಅದನ್ನು ಅವರ ಪಾದಕ್ಕೆ ಒಪ್ಪಿಸುತ್ತಾರೆ. ಇನ್ನು ವೆಂಕಣ್ಣಯ್ಯನವರದೇ ಮನೆಯ ಹುಡುಗ ತ.ರಾ.ಸು. ಇವರ ಮೊದಲ ಕಥೆ ದೊಡ್ಡಪ್ಪ ಕಟ್ಟಿದ ಹತ್ತು ರೂಪಾಯಿ ಪಂದ್ಯದಿಂದ ಹುಟ್ಟಿತು ಅನ್ನುವ ಮಾತಿದೆ. ದುರ್ಗದ ಕೋಟೆಯನ್ನು ಕನ್ನಡದ ಮನೆಮನೆಗೆ ತಂದ ಕಾದಂಬರಿಕಾರ ಅವರು. ವೆಂಕಣ್ಣಯ್ಯನವರ ಕೈಯಲ್ಲಿ ಲೈಕಿನ ಬಟನ್ ಇರಲಿಲ್ಲ. ಓದುತ್ತಿದ್ದರು. ಓದಿ, ಏನನ್ನಿಸಿತೋ ಅದನ್ನು ಹೇಳುತ್ತಿದ್ದರು.

ನಾವು ವೆಂಕಣ್ಣಯ್ಯ ಆಗೋದು ಬೇಡ. ಒಬ್ಬರ ಕಥೆಯನ್ನು ಓದಿ ನಾಲ್ಕು ಸಾಲು ಸರಿಯಾಗಿ ಬರೆಯೋದು ಹೇಗೆ ಅಂತ ನೋಡೋಣ.

ಒಂದು ಉದಾಹರಣೆ ಕಟ್ಟಿಕೊಂಡು ಬಂದಿದ್ದೇನೆ. ನಮ್ಮೂರಿನದ್ದೇ. ಒಂದು ಕಾಲದಲ್ಲಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು, ಹತ್ತಿ ಮಿಲ್ಲುಗಳಿಂದ. ಆ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಒಬ್ಬರು ಅಂಥ ಮಿಲ್ಲಿನ ಕೆಲಸಗಾರನ ಬಗ್ಗೆ ಕಥೆ ಬರೆದಿದ್ದಾರೆ ಅಂತಿಟ್ಟುಕೊಳ್ಳಿ. ಅದರ ಕೆಳಗೆ ಸಾಮಾನ್ಯವಾಗಿ ಏನು ಬರುತ್ತದೆ? "ಅದ್ಭುತ ಕಥೆ ಸರ್. ಮನ ಮುಟ್ಟಿತು." ಇದನ್ನು ಕಥೆ ಓದದೆಯೂ ಬರೆಯಬಹುದು. ಬರೆದವರಿಗೂ ಅದು ಗೊತ್ತು, ಬರೆಸಿಕೊಂಡವರಿಗೂ ಗೊತ್ತು.

ಈಗ ಇದನ್ನು ಕೇಳಿ: "ಮಿಲ್ಲು ಮುಚ್ಚಿ ಅಷ್ಟು ವರ್ಷವಾದ ಮೇಲೂ ಎರಡನೇ ಪಾಳಿ ಹೊತ್ತಿಗೆ ಎದ್ದು ಅಂಗಿ ಹಾಕಿಕೊಳ್ಳುತ್ತಾನಲ್ಲ, ಅಲ್ಲಿ ನಿಂತುಬಿಟ್ಟೆ. ಹೆಂಡತಿ ನೋಡಿಯೂ ಏನೂ ಕೇಳುವುದಿಲ್ಲ, ಅದು ಇನ್ನೂ ಚೆನ್ನಾಗಿದೆ. ಕೊನೆಯ ಪ್ಯಾರಾದಲ್ಲಿ ಅವಳ ಬಾಯಿಂದಲೇ ಅದನ್ನು ಹೇಳಿಸಬೇಕಿತ್ತಾ ಅಂತ ಒಂದು ಅನುಮಾನ. ನಮ್ಮ ಓಣಿಯಲ್ಲೂ ಒಬ್ಬರಿದ್ದರು, ಮಿಲ್ಲಿನ ಪಾಸು ಸಾಯೋವರೆಗೂ ಜೇಬಿನಲ್ಲೇ ಇತ್ತು."

ಐದು ನಿಮಿಷದ ಕೆಲಸ. ಕಥೆ ಬರೆದವರಿಗೆ ತಾನು ಗುರಿಯಿಟ್ಟಿದ್ದು ತಾಗಿದೆ ಅಂತ ಗೊತ್ತಾಯಿತು. ಕೊನೆಯ ಪ್ಯಾರಾ ಬಗ್ಗೆ ಒಂದು ಅನುಮಾನವೂ ಸಿಕ್ಕಿತು, ನೋವಾಗದ ಹಾಗೆ. ಆದರೆ ನಾನು ಇವತ್ತು ಒತ್ತಿ ಹೇಳಬೇಕಾದ್ದು ಮೂರನೆಯವರ ಬಗ್ಗೆ. ಆ ಕಥೆಯನ್ನು ಓದಿದ ಯಾರೋ ಅಪರಿಚಿತರು ಕೆಳಗೆ ಬರುತ್ತಾರೆ. ನಲವತ್ತು 'ಅದ್ಭುತ'ಗಳನ್ನು ದಾಟಿ ಈ ನಾಲ್ಕು ಸಾಲಿಗೆ ಬಂದು ನಿಲ್ಲುತ್ತಾರೆ. ಜೇಬಿನಲ್ಲಿದ್ದ ಆ ಪಾಸು ಅವರಿಗೆ ಕಾಣುತ್ತದೆ. ಇದ್ಯಾರಪ್ಪಾ ಅಂತ ನಿಮ್ಮ ಹೆಸರು ಒತ್ತುತ್ತಾರೆ. ಅವರು ಕಥೆ ಓದುವವರು ಅನ್ನೋದು ಖಾತ್ರಿ, ಯಾಕಂದ್ರೆ ಈಗಷ್ಟೇ ಒಂದು ಕಥೆ ಓದಿ ಮುಗಿಸಿದ್ದಾರೆ. ಇದಕ್ಕಿಂತ ಒಳ್ಳೆಯ ಓದುಗರು ನಿಮಗೆ ಎಲ್ಲಿ ಸಿಗಬೇಕು? ಬೇರೆಯವರ ಕಥೆಯ ಕೆಳಗೆ ನೀವು ಬರೆಯುವ ನಾಲ್ಕು ಸಾಲೂ ನಿಮ್ಮ ಬರವಣಿಗೆಯೇ. ಅದಕ್ಕೆ ಯಾರೂ ಆ ಮರ್ಯಾದೆ ಕೊಡುವುದಿಲ್ಲ, ಅದೇ ಬೇಜಾರು.

ಅಲ್ಲಿ ಹೋಗಿ "ನನ್ನ ಕಥೆಯನ್ನೂ ಓದಿ, ಲಿಂಕ್ ಇಲ್ಲಿದೆ" ಅಂತ ಮಾತ್ರ ಹಾಕಬೇಡಿ. ಮಾಡಿದ್ದೆಲ್ಲ ನೀರಲ್ಲಿ ಹೋಮ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಆ ಕಥೆ ನಿಜವಾಗಿ ಇಷ್ಟವಾಗಿದ್ದರೆ ನಿಮ್ಮ ಫೇಸ್‌ಬುಕ್ ಗೋಡೆಯ ಮೇಲೆ ಅದರ ಬಗ್ಗೆ ಒಂದು ಪ್ಯಾರಾ ಬರೆದು, ನಿಮ್ಮ ಓದುಗರನ್ನು ಅಲ್ಲಿಗೆ ಕಳಿಸಿ. ಅಯ್ಯೋ, ನನಗಿರೋದೇ ನೂರು ಜನ, ಅವರೂ ಹೋಗಿಬಿಟ್ಟರೆ ಅಂತ ಭಯ ಪಡುವವರಿದ್ದಾರೆ. ಓದುಗರೇನು ಸೀಮಿತ ಪಡಿತರವಾ? ಒಳ್ಳೆಯದನ್ನು ತೋರಿಸಿದವರ ಹತ್ತಿರ ಓದುಗ ವಾಪಸ್ ಬರುತ್ತಾನೆ, ಇವರ ಆಯ್ಕೆ ಚೆನ್ನಾಗಿರುತ್ತೆ ಅಂತ. ಪ್ರತಿಲಿಪಿಯಲ್ಲಿ ಧಾರಾವಾಹಿ ಬರೆಯುವವರಿಗೆ ಇದು ಚೆನ್ನಾಗಿ ಗೊತ್ತು. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಆ್ಯಪ್‌ನಲ್ಲಿ ಕಂತಿಗೆ ಕಾಯುವ ಓದುಗರಿದ್ದಾರೆ. ಒಂದು ಧಾರಾವಾಹಿ ಓದುವವರು ಅದೊಂದನ್ನೇ ಓದುವುದಿಲ್ಲ, ಮುಂದಿನ ಕಂತು ಬರುವ ತನಕ ಇನ್ನೇನಾದರೂ ಬೇಕು. ಆಗ ನೀವು 'ಇವರದನ್ನು ಓದಿ ನೋಡಿ' ಅಂದರೆ ಅವರಿಗೆ ಉಪಕಾರವೇ.

ಯಾರ ಜತೆ ಒಡನಾಟ ಇಟ್ಟುಕೊಳ್ಳಬೇಕು? ಎಲ್ಲರೂ ದೊಡ್ಡ ಹೆಸರಿನವರ ಹಿಂದೆ ಬೀಳುತ್ತಾರೆ. ಪ್ರಶಸ್ತಿ ಬಂದವರು, ಸಿನಿಮಾಕ್ಕೆ ಹಾಡು ಬರೆದವರು. ಅವರ ಗೋಡೆಯ ಕೆಳಗೆ ಸಾವಿರ ಜನ ಇರುತ್ತಾರೆ, ನಿಮ್ಮ ನಾಲ್ಕು ಸಾಲು ಕಾಣುವುದಿಲ್ಲ. ನಿಮ್ಮ ಮಟ್ಟದಲ್ಲೇ ಬರೆಯುತ್ತಿರುವ, ನಿಮಗಿಂತ ಒಂದು ಕೈ ಚೆನ್ನಾಗಿ ಬರೆಯುವ ನಾಲ್ಕೈದು ಜನರನ್ನು ಹಿಡಿಯಿರಿ. ಅವರಲ್ಲಿ ಒಬ್ಬಿಬ್ಬರಾದರೂ ಕಥೆ-ಕವನದ ಆಚೆಯವರಾಗಿರಲಿ. ಇದು ನನ್ನ ಖಾಸಾ ಸಲಹೆ, ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಚನ್ನಗಿರಿ ಕಡೆಯ ಒಬ್ಬ ಹುಡುಗಿ, ಅವಳ ಹೆಸರು ಬೇಡ, ಅಡಿಕೆ ಸುಗ್ಗಿಯಲ್ಲಿ ನಡೆಯುವ ಒಂದು ಕಥೆ ಬರೆದಳು. ರಾತ್ರಿ ದೊಡ್ಡ ಲೈಟಿನ ಕೆಳಗೆ ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತ ಹೆಂಗಸರು, ಡಬ್ಬಕ್ಕೆ ಇಷ್ಟು ಅಂತ ಕೂಲಿ, ಹಂಡೆಯಲ್ಲಿ ಬೇಯುವ ಅಡಿಕೆಯ ಚೊಗರು ವಾಸನೆ. ಅವರಲ್ಲಿ ಒಬ್ಬಳು ಮಾತಾಡುವುದನ್ನು ನಿಲ್ಲಿಸಿಬಿಡುತ್ತಾಳೆ, ಅದು ಕಥೆ. ಚೆನ್ನಾಗಿತ್ತು. ಸಾಹಿತ್ಯದ ಗೆಳೆಯರು ಎಂದಿನಂತೆ ಚಪ್ಪಾಳೆ ಕೊಟ್ಟರು, ಎರಡು ದಿನಕ್ಕೆ ತಣ್ಣಗಾಯಿತು. ಆದರೆ ಕಥೆ ಬರೆಯುವ ಮುಂಚೆ ಅವಳು ಒಬ್ಬ ಬೆಳೆಗಾರರ ಬರಹಗಳನ್ನು ಓದುತ್ತಿದ್ದಳು. ಅವರು ದಿನಾ ಅಡಿಕೆ ಧಾರಣೆ, ಎಲೆಚುಕ್ಕಿ ರೋಗ, ಬೋರ್ಡೋ ದ್ರಾವಣ ಹೊಡೆಯುವ ಹೊತ್ತು ಇಂಥವನ್ನೆಲ್ಲ ಬರೆಯುವವರು. ಬಹಳ ಸೊಗಸಾದ ಕನ್ನಡ, ತಾನೊಬ್ಬ ಬರಹಗಾರ ಅಂತ ಅವರಿಗೇ ಗೊತ್ತಿಲ್ಲ. ಇವಳು ಅವರ ಬರಹದ ಕೆಳಗೆ ಪ್ರಶ್ನೆ ಕೇಳುತ್ತಿದ್ದಳು, ಅವರು ತಾಳ್ಮೆಯಿಂದ ಉತ್ತರ ಕೊಡುತ್ತಿದ್ದರು. ಕಥೆ ಬಂದ ಮೇಲೆ ಅವರು ಅದನ್ನು ಬೆಳೆಗಾರರ ಗುಂಪಿಗೆ ಹಾಕಿದರು. "ಇದು ನಮ್ಮ ಕಣದ ಕಥೆ, ಓದ್ರಿ" ಅಂತ ಒಂದೇ ಸಾಲು.

ಆಮೇಲೆ ನೋಡಬೇಕಿತ್ತು ನೀವು. ಹೊಳಲ್ಕೆರೆಯಿಂದ ಒಬ್ಬರು ಬರೆದರು, "ತಂಗೀ, ನಿನ್ನ ಕಥೇಲಿ ತೋಟ ಖೇಣಿಗೆ (ಫಸಲನ್ನು ಮರದಲ್ಲಿರುವಾಗಲೇ ಗುತ್ತಿಗೆಗೆ) ಕೊಟ್ಟಿದಾರೆ ಅಂತೀಯ. ಖೇಣಿ ಕೊಟ್ಟ ಮೇಲೆ ಅಡಿಕೆ ನಮ್ಮ ಮನೇಲಿ ಯಾಕೆ ಸುಲೀತಾರೆ? ಖೇಣಿದಾರ ತನ್ನ ಕಣಕ್ಕೆ ಒಯ್ತಾನೆ." ಶಿರಸಿ ಕಡೆಯವರು, ನಮ್ಮಲ್ಲಿ ಚಾಲಿ ಜಾಸ್ತಿ, ಒಣಗಿಸಿ ಸುಲಿಯೋದು, ನಿಮ್ಮ ಹಸಿ ಅಡಿಕೆ ರಾತ್ರಿಗಳು ನಮಗೆ ಹೊಸದು ಅಂತ ಬರೆದರು. ಒಬ್ಬ ಹೆಂಗಸು, ಜೀವನದಲ್ಲಿ ಕಥೆ ಓದಿದವರಲ್ಲ, "ಆ ಮಾತು ಬಿಟ್ಟವಳು ಆಮೇಲೆ ಏನಾದಳು?" ಅಂತ ಕೇಳಿದರು. ಈ ಒಂದು ಪ್ರಶ್ನೆ ನಮ್ಮ ಎಲ್ಲ ಅಭಿನಂದನಾ ಪತ್ರಗಳಿಗಿಂತ ತೂಕ. ಹುಡುಗಿ ಖೇಣಿಯ ವಿಷಯ ತಿದ್ದಿ, ತಿದ್ದಿಸಿದವರಿಗೆ ವಂದನೆ ಹೇಳಿ ಮತ್ತೆ ಹಾಕಿದಳು. ಈಗ ಅವಳ ಮುಂದಿನ ಕಥೆಗೆ ಕಾಯುವವರು ಅಡಿಕೆ ಬೆಳೆಯುವವರು. ಅವರ ಹತ್ತಿರ ಹೋಗೋಕೆ ಕವಿ ಬಳಗದಿಂದ ದಾರಿಯೇ ಇರಲಿಲ್ಲ.

ಊರಿನ ಇತಿಹಾಸ ಬರೆಯುವವರು, ಅಡುಗೆ ಬರೆಯುವವರು, ಹಕ್ಕಿ ಫೋಟೋ ತೆಗೆದು ಎರಡು ಸಾಲು ಬರೆಯುವವರು, ಶಾಲೆಯ ಅನುಭವ ಬರೆಯುವ ಮೇಷ್ಟ್ರು, ಇವರೆಲ್ಲ ನಮ್ಮ ಜತೆಗಾರರೇ. ಅವರ ಓದುಗರು ಬೇರೆ, ನಮ್ಮವರು ಬೇರೆ. ಅದಕ್ಕೇ ಲಾಭ.

ನಾಲ್ಕು ಜನ ಸೇರಿ ಒಂದು ವಿಷಯ ಹಂಚಿಕೊಂಡು ಬರೆಯೋದೂ ಚೆನ್ನಾಗಿ ಕೆಲಸ ಮಾಡುತ್ತದೆ. 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ, ಅದೇ ಮಾರಿಕಣಿವೆ ಅಣೆಕಟ್ಟು, ಕೋಡಿ ಬಿತ್ತು ನೆನಪಿದೆಯಾ? 1933ರ ನಂತರ ಮೊದಲ ಸಲ. ಆಮೇಲೂ ಬಿದ್ದಿದೆ, ಆದರೆ ಆ ವರ್ಷದ ಸಂಭ್ರಮವೇ ಬೇರೆ. ಇಡೀ ಜಿಲ್ಲೆ ಮಾರಿಕಣಿವೆಗೆ ಹೋಗಿ ಒಂದೇ ಜಾಗದಲ್ಲಿ ನಿಂತು ಒಂದೇ ಫೋಟೋ ಹಾಕಿತು. 'ಭಾಗ್ಯವಂತರು ನಾವು' ಅಂತ ಎಲ್ಲರದೂ ಒಂದೇ ಸಾಲು. ಅದರ ಬದಲು ನಾಲ್ಕು ಬರಹಗಾರರು ಮಾತಾಡಿಕೊಂಡಿದ್ದರೆ? ಒಬ್ಬರು 1933ರ ಕೋಡಿ ಬಗ್ಗೆ ಮನೆಯ ಹಿರಿಯರು ಹೇಳುತ್ತಿದ್ದ ಕಥೆ. ಒಬ್ಬರು 1907ರಲ್ಲಿ ಮುಗಿದ ಆ ಕಟ್ಟೆಯನ್ನು ವೇದಾವತಿಗೆ ಕಟ್ಟಿದ್ದು ಹೇಗೆ ಅಂತ. ಒಬ್ಬರು 130 ಅಡಿ ಮುಟ್ಟುವ ತನಕ ದಿನಾ ಪೇಪರಿನಲ್ಲಿ ನೀರಿನ ಮಟ್ಟ ನೋಡುವ ತೆಂಗಿನ ತೋಟದವರ ಬಗ್ಗೆ. ನಾಲ್ಕನೆಯವರು ಪದ್ಯ. ದಿನಕ್ಕೊಬ್ಬರದು, ಪ್ರತಿಯೊಂದರ ಕೊನೆಗೆ 'ನಾಳೆ ಇಂಥವರ ಗೋಡೆಯಲ್ಲಿ' ಅಂತ. ನಾಲ್ಕು ಕಡೆಯ ಓದುಗರು ನಾಲ್ಕು ಮನೆಗೂ ಹೋಗುತ್ತಿದ್ದರು. ನಮ್ಮ ದುರ್ಗಮ್ಮನ ಜಾತ್ರೆಗೆ ಮಾಡಿ, ಚಂದ್ರವಳ್ಳಿಗೆ ಮಾಡಿ, ಮಿಲ್ಲುಗಳಿಗೆ ಮಾಡಿ. ಯಾರಿಗೂ ಕಾಸು ಖರ್ಚಿಲ್ಲ.

ಒಂದು ಖಾರದ ಮಾತು, ಗಂಡಸರಿಗೆ. ಬೇಜಾರು ಮಾಡಿಕೊಳ್ಳಬೇಡಿ. ಹೆಣ್ಣುಮಕ್ಕಳು ಕಥೆ ಹಾಕಿದರೆ ಕಥೆಯ ಕೆಳಗೆ ಒಂದು ಅಕ್ಷರ ಬರೆಯದೆ ಸೀದಾ ಇನ್‌ಬಾಕ್ಸಿಗೆ ಬಂದು "ಹಾಯ್ ಮೇಡಂ, ಊಟ ಆಯ್ತಾ" ಅನ್ನುವವರಿದ್ದಾರೆ. ಬೆಳಗ್ಗೆ ತಿಂಡಿ ಆಯ್ತಾ, ಮಧ್ಯಾಹ್ನ ಊಟ ಆಯ್ತಾ. ನಾವೇನು ಹಾಸ್ಟೆಲ್ ವಾರ್ಡನ್ನಿಗೆ ವರದಿ ಒಪ್ಪಿಸುತ್ತಿದ್ದೇವಾ? ಇದರಿಂದಾಗಿ ಎಷ್ಟೋ ಜನ ಹೆಣ್ಣುಮಕ್ಕಳು ಗೋಡೆಗೆ ಬೀಗ ಹಾಕಿದ್ದಾರೆ, ಕೆಲವರು ಬರೆಯೋದೇ ಬಿಟ್ಟಿದ್ದಾರೆ. ಬರಹದ ಬಗ್ಗೆ ಹೇಳೋದಿದ್ದರೆ ಬರಹದ ಕೆಳಗೇ, ಎಲ್ಲರ ಎದುರಿಗೇ ಹೇಳಿ. ಅಕ್ಕ, ತಂಗಿ ಅಂತಲೂ ಕರೆಯಬೇಕಿಲ್ಲ, ಕಥೆಯ ಬಗ್ಗೆ ಮಾತಾಡಿ ಸಾಕು.

ಈಗ ಒಪ್ಪಿಕೊಂಡಿದ್ದ ಟ್ರಿಕ್ಸ್. ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ, ಬಹಳ ಜನಕ್ಕೆ ಇದು ಗೊತ್ತಿಲ್ಲ. ಹಾಗಾಗಿ ಮೊದಲು ಅವರನ್ನು ಕೇಳಿ, ಸೇವ್ ಮಾಡಿಸಿ. ಕೇಳಿದಾಗ ಒಪ್ಪಿದ ಐವತ್ತು ಜನ ಸುಮ್ನೆ ಸೇರಿಸಿದ ಸಾವಿರ ಜನಕ್ಕಿಂತ ಮೇಲು. ಕವನದ ಕೊನೆಯಲ್ಲಿ ನಿಮ್ಮ ಹೆಸರು, ಊರು ಇರಲಿ. ಬೇರೆ ಮೆಸೇಜಿನಲ್ಲಿ ಹೆಸರು ಹಾಕಿದರೆ ಎರಡನೇ ಫಾರ್ವರ್ಡಿಗೆ ಅದು ಉದುರುತ್ತದೆ, ಮೂರನೆಯದಕ್ಕೆ ನಿಮ್ಮ ಕವನ ಬೇಂದ್ರೆಯವರದ್ದಾಗಿರುತ್ತದೆ. ಹಳೇ 'ನುಡಿ', 'ಬರಹ' ತಂತ್ರಾಂಶಗಳ ಅಕ್ಷರಗಳಲ್ಲಿ ಟೈಪ್ ಮಾಡಿಟ್ಟ ಕಥೆಗಳಿದ್ದರೆ ಯುನಿಕೋಡಿಗೆ ಬದಲಾಯಿಸಿಕೊಳ್ಳಿ, ಇಲ್ಲದಿದ್ದರೆ ಯಾರು ಹುಡುಕಿದರೂ ಸಿಗುವುದಿಲ್ಲ. ಮುಗೀತು ಟ್ರಿಕ್ಸ್.

ಪ್ರಶ್ನೆಗಳಿದ್ದವು. ಮೂರನ್ನು ಇಲ್ಲಿ ಕೊಡುತ್ತೇನೆ.

ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಕೇಳಿದರು, "ಮೇಡಂ, ಬೇರೆಯವರನ್ನೇ ಓದ್ತಾ ಕೂತ್ರೆ ನಾವು ಬರೆಯೋದು ಯಾವಾಗ?" ನ್ಯಾಯವಾದ ಪ್ರಶ್ನೆ. ಎಲ್ಲವನ್ನೂ ಓದೋಕೆ ಹೋಗಬೇಡಿ. ವಾರಕ್ಕೆ ಎರಡು ಕಥೆ ಪೂರ್ತಿ ಓದಿ, ಎರಡಕ್ಕೂ ಸರಿಯಾಗಿ ಬರೆಯಿರಿ. ಉಳಿದವಕ್ಕೆ ಲೈಕೂ ಬೇಡ. ನಾಲ್ಕು ಗುಂಪಿನಿಂದ ಹೊರಗೆ ಬಂದರೆ ಆ ಹೊತ್ತು ತಾನೇ ಸಿಗುತ್ತದೆ. ಹೊರಗೆ ಬರುವಾಗ "ಕಾರಣಾಂತರಗಳಿಂದ" ಅಂತ ದೊಡ್ಡ ವಿದಾಯ ಭಾಷಣ ಬೇಡ, ಸುಮ್ನೆ ಬನ್ನಿ.

ಒಬ್ಬ ವಿದ್ಯಾರ್ಥಿನಿ ಕೇಳಿದಳು, "ಗೆಳತಿಯ ಪುಸ್ತಕ ಚೆನ್ನಾಗಿಲ್ಲ ಅನ್ನಿಸಿದ್ರೆ ಏನು ಬರೀಲಿ?" ಏನೂ ಬರೆಯಬೇಡ. ಫೋನ್ ಮಾಡಿ ಯಾವ ಪುಟದಲ್ಲಿ ನಿನಗೆ ಓದು ನಿಂತುಹೋಯಿತು ಅಂತ ಹೇಳು. ಹೊಗಳಿ ಬರೆದರೆ ಅವಳಿಗೆ ಖುಷಿ, ಆದರೆ ನಿನ್ನ ಮಾತು ನಂಬಿ ಆ ಪುಸ್ತಕ ಕೊಂಡ ಹತ್ತು ಜನ ಮುಂದಿನ ಸಲ ನಿನ್ನನ್ನು ನಂಬುವುದಿಲ್ಲ. ಅವಳಿಗೆ ಕೋಪ ಬರಬಹುದು. ಎರಡು ತಿಂಗಳು ಮಾತು ಬಿಡಬಹುದು.

ನಿವೃತ್ತ ಮೇಷ್ಟ್ರೊಬ್ಬರು ಎದ್ದು ನಿಂತು, "ನಮ್ಮ ಕಥೇನ ಕದ್ದು ತಮ್ಮ ಹೆಸರಲ್ಲಿ ಹಾಕ್ಕೊಂಡ್ರೆ ಏನಮ್ಮಾ ಮಾಡೋದು?" ಅಂದರು. ಅವರಿಗೆ ಹಾಗಾಗಿತ್ತಂತೆ. ಸರ್, 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ನೀವು ಬರೆದ ಕ್ಷಣದಿಂದ ಹಕ್ಕು ನಿಮ್ಮದೇ, ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ನಿಮ್ಮ ನಂತರವೂ 60 ವರ್ಷ ಇರುತ್ತದೆ. ಕದ್ದ ಪೋಸ್ಟಿನ ಸ್ಕ್ರೀನ್‌ಶಾಟ್ ಮೊದಲು ತೆಗೆದಿಟ್ಟುಕೊಳ್ಳಿ, ಜಗಳಕ್ಕೆ ಇಳಿಯುವ ಮುಂಚೆ, ಯಾಕಂದ್ರೆ ಬೈದ ಕೂಡಲೇ ಅಳಿಸಿಬಿಡುತ್ತಾರೆ. ನೀವು ಮೊದಲು ಹಾಕಿದ ತಾರೀಖು ಕಾಣುವ ಹಾಗೆ ನಿಮ್ಮದನ್ನೂ ಇಟ್ಟುಕೊಳ್ಳಿ. ಆಮೇಲೆ ಆ ಆ್ಯಪ್‌ನವರಿಗೆ ದೂರು ಕೊಡಿ. ಆದರೆ ಕಳ್ಳತನ ಆಗಿದೆ ಅಂತ ನಿಮಗೆ ಗೊತ್ತಾಗಬೇಕಲ್ಲ ಮೊದಲು? ನಿಮಗೆ ಯಾರು ಹೇಳಿದರು ಸರ್ ಅಂತ ಕೇಳಿದೆ. "ಜಗಳೂರಿನ ಒಬ್ಬರು. ನನ್ನ ಕಥೆ ಓದಿ ದೊಡ್ಡ ಪತ್ರ ಬರೆದಿದ್ರು. ಅವರೇ ಫೋನ್ ಮಾಡಿ, ಸರ್, ನಿಮ್ಮ ಎತ್ತಿನ ಗಾಡಿ ಬೇರೆಯವರ ಮನೆ ಮುಂದೆ ನಿಂತಿದೆ ಅಂದ್ರು."